ಸೈಮಿಯ ಅಂಗುಳ

ಹಲ್ಲಿನ ಸೆಟ್ಟು ಬನ್ನು ತಿಂದು ಮುರಿಯುವುದಿಲ್ಲ. ಈ ಮಾತನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ, ನಂಬುವವರು ಮಾತ್ರ ಯಾರೂ ಇಲ್ಲ. ಮುರಿದ ಎರಡು ಹೋಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬರುತ್ತಾರೆ, ನನ್ನ ಮೇಜಿನ ಮೇಲೆ ಬಿಚ್ಚುತ್ತಾರೆ, "ಬರೀ ಬನ್ನು ಕಣೇ ಇರ್ಯಾ, ಕಲ್ಲೇನು ಕಡೀಲಿಲ್ಲ" ಎಂದು ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. ಮೇಲಿನ ಸೆಟ್ಟು ಪ್ರತಿ ತುತ್ತಿಗೂ ನಡುವಿನಲ್ಲಿ ಕೂದಲೆಳೆಯಷ್ಟು ಬಾಗುತ್ತದೆ. ತುಟಿಯನ್ನು ವಸಡಿಗೆ ಹಿಡಿದಿರುವ ಒಳಗಿನ ಎಳೆಗೆ ಜಾಗ ಬಿಡಲೆಂದು ಮುಂದುಗಡೆ ಒಂದು ಸಣ್ಣ ಕಚ್ಚು ಹಾಕಿರುತ್ತೇವಲ್ಲ, ಬಿರುಕು ಅಲ್ಲಿಂದ ಹೊರಟು, ಯಾರ ಕಣ್ಣಿಗೂ ಬೀಳದೆ, ವರ್ಷಗಟ್ಟಲೆ ಹಿಂದಕ್ಕೆ ನಡೆಯುತ್ತದೆ. ಕೊನೆಗೆ ಕೆಟ್ಟ ಹೆಸರು ಬರುವುದು ಬನ್ನಿಗೆ.

ನಾನು ತುರ್ಕು ಎಂಬ ಬಂದರು ಊರಿನಲ್ಲಿ, ಕಟ್ಟಿಸಿದ ಹಲ್ಲುಗಳ ಮೇಲೆ ಸಂಶೋಧನೆ ನಡೆಸುವ ಒಂದು ಪ್ರಯೋಗಾಲಯದಲ್ಲಿ ಸೆಟ್ಟು ಮಾಡುವವಳು. ಬೇರೆಯವರು ಬಾಳಿಕೆ ಬರಲಿ ಎಂದು ಮಾಡುತ್ತಾರೆ, ನಾನು ಮುರಿಯಲಿ ಎಂದು ಮಾಡುತ್ತೇನೆ. ಎಲ್ಲಿ ಮುರಿಯಿತು, ಹೇಗೆ ಮುರಿಯಿತು ಎಂದು ನೋಡಿ ಮತ್ತೊಂದು ಮಾಡುತ್ತೇನೆ. ಊರಿನವರು ಮುರಿದು ತಂದದ್ದನ್ನು ಅಂಟಿಸಿಯೂ ಕೊಡುತ್ತೇನೆ. ಇಂಥ ಕೆಲಸ ಮಾಡುವವರಿಗೆ ತಾಳ್ಮೆ ಜಾಸ್ತಿ ಎಂದು ಜನ ತಿಳಿಯುತ್ತಾರೆ. ನನ್ನನ್ನು ಬಲ್ಲವರು ಹಾಗೆ ತಿಳಿಯುವುದಿಲ್ಲ.

ಸೈಮಿ ವಾಲ್ಕಮಾ ಬಂದ ದಿನ ನಾನು ನನ್ನ ಬನ್ನಿನ ಭಾಷಣಕ್ಕೆ ತಯಾರಾಗಿಯೇ ಕೂತಿದ್ದೆ. ಅವಳು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಎಪ್ಪತ್ತು ದಾಟಿದ ಎತ್ತರದ ಹೆಂಗಸು, ಬೂದು ಬಣ್ಣದ ಕೋಟು. ಬಾಯಿಗೆ ಶಾಲು ಅಡ್ಡ ಹಿಡಿದುಕೊಂಡು ಎರಡು ಹೋಳನ್ನೂ ಮೇಜಿನ ಮೇಲಿಟ್ಟಳು.

"ಮುರಿದಿದೆ," ಎಂದಳು, ಅಷ್ಟೆ.

"ಏನು ತಿಂತಿದ್ದೆ?"

"ಏಲಕ್ಕಿ ಬನ್ನು. ಔಲಿಸ್‌ನ ಮಣ್ಣು ಮಾಡಿ ಬಂದ್ಮೇಲೆ ಕಾಫಿ ಇತ್ತಲ್ಲ, ಅಲ್ಲಿ."

ಔಲಿಸ್ ಅವಳ ಗಂಡ. ಹಡಗುಕಟ್ಟೆಯಲ್ಲಿ ಕ್ರೇನು ಓಡಿಸುತ್ತಿದ್ದವನು. ಫೆಬ್ರವರಿಯ ಒಂದು ಬೆಳಿಗ್ಗೆ ಕಾರಿನ ಸುತ್ತ ಬಿದ್ದ ಹಿಮ ಎತ್ತಿಹಾಕಲು ಹೋದ. ಸ್ವಲ್ಪ ಹೊತ್ತಿನ ಮೇಲೆ ಸೈಮಿ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಸಲಿಕೆ ಹಿಮದಲ್ಲಿ ನೆಟ್ಟಗೆ ನಿಂತಿದೆ, ಹಿಡಿದವನು ಇಲ್ಲ. ಹೃದಯ ನಿಂತಿತ್ತು. ಮಣ್ಣು ಮಾಡಿದ ದಿನ ಚರ್ಚಿನ ಸಭಾಂಗಣದಲ್ಲಿ ಕಾಫಿ ಕುಡಿಯುವಾಗ ಸೆಟ್ಟು ಬಾಯೊಳಗೇ ಎರಡಾಯಿತು. ಬಂದವರ ಕೈಕುಲುಕಿ ಕಳಿಸಬೇಕಿತ್ತು. ಎರಡು ಹೋಳನ್ನೂ ನಾಲಿಗೆಯಿಂದ ಮೇಲಕ್ಕೆ ಒತ್ತಿ ಹಿಡಿದು, ತುಟಿ ಬಿಗಿದು, ಕೊನೆಯವರು ಹೋಗುವ ತನಕ ನಿಂತಿದ್ದಳಂತೆ. ದುಃಖ ಅವಳ ಬಾಯಿ ಕಟ್ಟಿಹಾಕಿದೆ ಎಂದು ಜನ ಮರುಗಿದರು.

"ಅವರಿಗೇನ್ ಗೊತ್ತು," ಎಂದಳು ಸೈಮಿ. "ನಂಗೆ ಅಳೂನೂ ಬರ್ಲಿಲ್ಲ, ಇನ್ನೊಂದೂ ಬರ್ಲಿಲ್ಲ. ಈಗ್ಲೂ ಬಂದಿಲ್ಲ."

ಅದನ್ನು ಅವಳು ಹೇಳಿದ್ದು ಬಸ್ಸು ತಡವಾಯಿತು ಎನ್ನುವ ಧಾಟಿಯಲ್ಲಿ. ನಾನು ಅಂಟು ಕಲಸತೊಡಗಿದೆ.

ಮುರಿದ ಸೆಟ್ಟನ್ನು ಬೆಳಕಿಗೆ ಹಿಡಿದಾಗ ಇದು ಎಷ್ಟನೆಯದು ಎಂದು ಕೇಳಿದೆ. ಲೆಕ್ಕ ಇಟ್ಟಿಲ್ಲ ಎಂದಳು. ಮೊದಲನೆಯದು ಯಾವಾಗ ಎಂದು ಕೇಳಿದ್ದಕ್ಕೆ ಹದಿನೈದನೇ ವಯಸ್ಸಿಗೆ ಎಂದಳು. ಅವಳ ಊರು ಪೊಹ್ಯನ್ಮಾ ಬಯಲಿನ ಒಂದು ಹಳ್ಳಿ. ಹದಿನೈದಕ್ಕೆ ಚರ್ಚಿನಲ್ಲಿ ದೀಕ್ಷೆಯಾಗುವ ಹುಡುಗಿಯರಿಗೆ ಉಡುಗೊರೆ ಕೊಡುವುದುಂಟಲ್ಲ, ಕೆಲವರಿಗೆ ಕೈಗಡಿಯಾರ ಬಂತು, ಸೈಮಿಗೆ ಚಿಕ್ಕಮ್ಮ ಹಲ್ಲಿನ ಸೆಟ್ಟು ಕೊಡಿಸಿದಳು. ಊರೂರು ತಿರುಗುವ ಹಲ್ಲಿನ ಡಾಕ್ಟರು ಶಾಲೆಯ ಕೋಣೆಯಲ್ಲಿ ಕೂರಿಸಿ ಮೇಲಿನ ಹಲ್ಲು ಅಷ್ಟೂ ಕಿತ್ತ. ಇನ್ನು ಮೇಲೆ ಹಲ್ಲುನೋವಿನ ಕಾಟವಿಲ್ಲ, ಕಟ್ಟಿಕೊಳ್ಳುವ ಗಂಡನಿಗೂ ಖರ್ಚಿಲ್ಲ. ಆ ಕಾಲದಲ್ಲಿ ಅದು ಪ್ರೀತಿ.

"ಎಲ್ಲಾ ಹುಳುಕಾಗಿತ್ತಾ?" ಎಂದೆ.

"ಹಿಂದಿನ ಎರಡು ನೋಯ್ತಿತ್ತು. ಮಿಕ್ಕಿದ್ದು ಚೆನ್ನಾಗೇ ಇತ್ತು."

ನನಗೆ ಮೈ ಉರಿಯಿತು. ಸತ್ತು ಯಾವುದೋ ಕಾಲವಾದ ಆ ಚಿಕ್ಕಮ್ಮನಿಗೂ ಡಾಕ್ಟರಿಗೂ ಸೇರಿಸಿ ಬೈದೆ. ಸೈಮಿ ತೋಳು ಕೊಡವಿದಳು. "ಫೋಟೋದಲ್ಲಿ ನಗು ಚೆನ್ನಾಗಿ ಬಂದಿತ್ತು," ಎಂದಳು.

ಬೇರು ಹೋದ ಮೇಲೆ ದವಡೆಯ ಮೂಳೆ ಸೋಪಿನಂತೆ ಕರಗುತ್ತದೆ. ಅವಳ ಮೇಲ್ದವಡೆ ನುಣ್ಣಗೆ ಚಪ್ಪಟೆಯಾಗಿತ್ತು. ಅಂಥ ಬಾಯಲ್ಲಿ ಸೆಟ್ಟು ನಿಲ್ಲಬೇಕಾದರೆ ಅಂಗುಳವನ್ನು ಪೂರ್ತಿ ಮುಚ್ಚಬೇಕು. ಆ ಮುಚ್ಚಳದ ಹೀರಿಕೆಯಲ್ಲೇ ಅದು ಅಂಟಿಕೊಂಡಿರುವುದು. ಎಂದರೆ ಸೈಮಿಯ ಅಂಗುಳಕ್ಕೆ ಹದಿನೈದನೇ ವಯಸ್ಸಿನಿಂದ ಬಿಸಿ ತಾಕಿಲ್ಲ, ತಣ್ಣಗಿನದು ತಾಕಿಲ್ಲ, ಒಂದು ಹನಿ ಸಾರು ತಾಕಿಲ್ಲ. ಹಗಲಿರುಳು ಹಾಕಿಕೊಂಡೇ ಇರುತ್ತಿದ್ದಳು. ಸ್ನಾನದ ಬಿಸಿ ಉಗಿಕೋಣೆ, ಸೌನಾದಲ್ಲೂ ತೆಗೆದವಳಲ್ಲ.

ನಮ್ಮ ಸಂಶೋಧನೆಯ ಮುಖ್ಯಸ್ಥ ವೇಸಾ ಕಾರ್ಲೆಲಾ ಆಗ ಇಂಥದೇ ಬಾಯಿಗಳನ್ನು ಹುಡುಕುತ್ತಿದ್ದ. ಪ್ರೊಫೆಸರು, ಆದರೂ ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಹೆಸರು ಹಿಡಿದು ನೀನು ಅಂತಲೇ ಕರೆಯುವುದು. ಮೂಳೆಯಲ್ಲಿ ನಾಲ್ಕು ಟೈಟೇನಿಯಂ ತಿರುಪು ಕೂರಿಸಿ, ಅದರ ಮೇಲೆ ಅಂಗುಳ ಮುಚ್ಚುವ ಚಾವಣಿಯೇ ಇಲ್ಲದ, ಕುದುರೆಲಾಳದ ಆಕಾರದ, ಬೇಕಾದಾಗ ತೆಗೆದು ಹಾಕಬಹುದಾದ ಸೆಟ್ಟು ನಿಲ್ಲಿಸುವುದು ಅವನ ಕೆಲಸ. ಚಾವಣಿ ತೆಗೆದರೆ ಸೆಟ್ಟಿಗೆ ಬಲ ಎಲ್ಲಿಂದ ಬರಬೇಕು? ಅದಕ್ಕೆ ಒಳಗೆ ಗಾಜಿನ ನಾರು ಹೊಸೆದು ಹಾಕುತ್ತೇವೆ. ಇಷ್ಟನ್ನೂ ವೇಸಾ ಸೈಮಿಗೆ ಬಿಡಿಸಿ ಹೇಳಿದ. ಆಪರೇಷನ್ ಇದೆ, ನೋವಿದೆ, ಮುರಿದರೂ ಮುರಿಯಬಹುದು, ಬೇಡವೆನಿಸಿದ ದಿನ ಕಾರಣ ಹೇಳದೆ ಬಿಟ್ಟುಹೋಗಬಹುದು ಎಂದ.

ಸೈಮಿ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು. "ಚಾವಣಿ ತೆಗೆದ್ರೆ ಗೊತ್ತಾಗುತ್ತಾ?"

"ಏನು?"

"ಏನಾದ್ರೂ." ಕೋಟಿನ ಗುಂಡಿ ತಿರುಗಿಸುತ್ತಾ ಕೂತಳು. "ಅವನು ಹೋದ್ಮೇಲೆ ನಂಗೆ ಏನೂ ಗೊತ್ತಾಗ್ತಿಲ್ಲ. ತಿಂದ್ರೆ ಕಾಗದ ತಿಂದ ಹಾಗೆ. ಮಗಳು ಬಂದು ತಬ್ಕೋತಾಳೆ, ಕೋಟು ತಬ್ಕೊಂಡ ಹಾಗಿರುತ್ತೆ. ಇದು ಈ ಪ್ಲಾಸ್ಟಿಕ್ಕಿಂದಾನೋ ನನ್ನಿಂದಾನೋ ತಿಳ್ಕೋಬೇಕು. ಪ್ಲಾಸ್ಟಿಕ್ಕಾದ್ರೆ ತೆಗೆದುಹಾಕಿ. ನಾನೇ ಹೀಗಾಗಿದ್ರೆ ಅದೂ ಗೊತ್ತಾಗ್ಲಿ."

ವೇಸಾ ಕನ್ನಡಕ ಒರೆಸಿಕೊಂಡ. ರುಚಿ ಸ್ವಲ್ಪ ಸುಧಾರಿಸಬಹುದು, ಉಳಿದದ್ದಕ್ಕೆ ತಾನು ಮಾತು ಕೊಡಲಾರೆ ಎಂದ. ಅವಳು ರುಜು ಹಾಕಿದಳು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರಯೋಗಕ್ಕೆ ಬಂದ ಪ್ರತಿಯೊಬ್ಬರಿಗೂ ನಾನು ಅವಳಿ ಸೆಟ್ಟು ಮಾಡುತ್ತೇನೆ. ಒಂದು ಅವರ ಬಾಯಿಗೆ, ಅಚ್ಚು ಅಂಥದೇ ಇನ್ನೊಂದು ಅಗಿಯುವ ಯಂತ್ರಕ್ಕೆ. ಯಂತ್ರ ಬೆಚ್ಚಗಿನ ನೀರಿನಲ್ಲಿ ಹಗಲೂ ರಾತ್ರಿ ಅಗಿಯುತ್ತಲೇ ಇರುತ್ತದೆ. ಬಾಯಿ ಮುಂದೆ ಎಂದೋ ಅಗಿಯಬೇಕಾದ್ದನ್ನು ಈಗಲೇ ಅಗಿದು, ಮುರಿಯುವುದಿದ್ದರೆ ತಾನು ಮೊದಲು ಮುರಿದು ನಮಗೆ ತಿಳಿಸುತ್ತದೆ. ಅದಕ್ಕೆ ನಾವಿಟ್ಟ ಹೆಸರು ತಾತ. ಸ್ವಂತ ಹಲ್ಲು ಒಂದೂ ಇಲ್ಲ, ಅಗಿಯುವುದನ್ನು ಮಾತ್ರ ಬಿಡುವುದಿಲ್ಲ.

ತಿರುಪುಗಳು ಮೂಳೆಗೆ ಕೂಡಿಕೊಳ್ಳುವ ತನಕ ಸೈಮಿ ಹಳೇ ಸೆಟ್ಟನ್ನೇ ಅಂಟಿಸಿಕೊಂಡು ಓಡಾಡಿದಳು. ಆ ಬೇಸಿಗೆಯಲ್ಲಿ ತಾತ ಅವಳ ಮೊದಲ ಅವಳಿಯನ್ನು ಮುರಿದುಹಾಕಿದ. ತಪ್ಪು ನಮ್ಮದೇ. ಬಾಗುವಾಗ ಯಾವ ಕಡೆ ಹಿಗ್ಗುತ್ತದೋ ಆ ಕಡೆಗೆ ನಾರು ಇರಬೇಕು. ನಾವು ಚೆಂದ ನೋಡಿ ನಟ್ಟನಡುವೆ ಹೂತಿದ್ದೆವು. ಹೊರಗೆ ಕಾಣಬಾರದು, ಪಾಲಿಷ್ ಹಾಕುವಾಗ ಎಳೆ ಏಳಬಾರದು ಎಂದು. ನಡುವೆ ಇರುವ ನಾರು ಇದ್ದೂ ಇಲ್ಲದ ಹಾಗೆ. ವೇಸಾ ತಲೆ ಚಚ್ಚಿಕೊಂಡ, ನಾನು ಬಾಯಿಗೆ ಬಂದದ್ದು ಬೈದುಕೊಂಡೆ, ಮತ್ತೆ ಮಾಡಿದೆ. ಎರಡನೆಯದು ಮುರಿಯಲಿಲ್ಲ.

ಸೈಮಿ ಒಂದು ದಿನ ತಾತನ ಮುಂದೆ ನಿಂತು ನೋಡಿದಳು. ಗಾಜಿನ ಪೆಟ್ಟಿಗೆಯೊಳಗೆ ಅವಳದೇ ಹಲ್ಲು ತಣ್ಣಗೆ ಮೇಲೆ ಕೆಳಗೆ ಆಡುತ್ತಿತ್ತು.

"ಏನು ತಿಂತಿದೆ ಅದು?"

"ರಬ್ಬರು."

"ನಂಗೂ ಅದೇ ರುಚಿ," ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಸೆಪ್ಟೆಂಬರಿನಲ್ಲಿ ಹೊಸ ಸೆಟ್ಟು ಕೂರಿಸಿದೆವು. ವೇಸಾ ನಾಲ್ಕು ಕಡೆ ಒತ್ತಿ ನೋಡಿದ, ಕಚ್ಚಿಸಿ ನೋಡಿದ, ಸರಿಯಾಗಿದೆ ಎಂದ. ನಾನು ಕಾಫಿ ತಂದುಕೊಟ್ಟೆ. ಅವಳು ಯಾವತ್ತಿನ ಹಾಗೆ ದೊಡ್ಡ ಗುಟುಕು ಎಳೆದಳು, ಮರುಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು.

"ಸುಡ್ತು!"

"ಎಲ್ಲಿ?"

"ಮೇಲೆ." ಕಣ್ಣು ಅಗಲ ಮಾಡಿಕೊಂಡು ಕೂತಳು. ತುಟಿಯೊಳಗೆ ನಾಲಿಗೆ ಓಡಾಡುವುದು ಹೊರಗಿನಿಂದಲೇ ಕಾಣುತ್ತಿತ್ತು. "ಇಲ್ಲಿ ಗೆರೆ ಗೆರೆ ಥರ ಏನೋ ಇದೆ. ಇದೂ ನೀವು ಹಾಕಿದ್ದಾ?"

"ಅದು ನಿನ್ನದೇ ಸೈಮಿ. ಹುಟ್ಟಿದಾಗಿಂದ ಅಲ್ಲೇ ಇದೆ."

"ಹೌದಾ," ಎಂದಳು. ಸಂತೋಷವೇನೂ ಕಾಣಲಿಲ್ಲ. ಬಾಡಿಗೆಗೆ ಕೊಟ್ಟಿದ್ದ ಕೋಣೆಯೊಳಕ್ಕೆ ಬಹಳ ಕಾಲದ ಮೇಲೆ ಕಾಲಿಟ್ಟವಳ ಹಾಗೆ ಸುಮ್ಮನೆ ನೋಡಿಕೊಂಡಳು. ಕಾಫಿ ಮುಗಿಸಿ, ಬಸ್ಸಿನ ಹೊತ್ತಾಯಿತು ಎಂದು ಎದ್ದಳು. ವೇಸಾನ ಉತ್ಸಾಹ ಜರ್ರನೆ ಇಳಿಯಿತು. ಅವನು ಕಣ್ಣೀರನ್ನೇ ಎದುರು ನೋಡಿದ್ದನೇನೋ.

ಮುಂದಿನ ಶುಕ್ರವಾರ ಅವಳು ಹೇಳದೆ ಕೇಳದೆ ಬಂದಳು. ಚೀಲದಿಂದ ಗಾಜಿನ ಜಾಡಿ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಒಳಗೆ ಹಸಿರು ಬಟಾಣಿ ಸೂಪು. ಹಿಂದಿನ ದಿನ ಗುರುವಾರ, ನಮ್ಮ ನಾಡಿನಲ್ಲಿ ಗುರುವಾರ ಮನೆಮನೆಯಲ್ಲೂ ಬಟಾಣಿ ಸೂಪಲ್ಲದೆ ಇನ್ನೇನು.

"ನಿಮ್ಮ ಸೆಟ್ಟಿಂದ ಏನೋ ಸೋರ್ತಿದೆ. ನಿನ್ನೆ ಸೂಪು ಬಾಯಿಗಿಟ್ರೆ ಉಗುಳೋ ಹಾಗಾಯ್ತು. ಆ ಗಾಜೋ ಅಂಟೋ ಏನೋ ಬಿಡ್ತಿದೆ."

ವೇಸಾ ಗಾಬರಿಯಾದ. ವಸಡು ನೋಡಿದ, ನಾಲಿಗೆ ನೋಡಿದ, ಸೆಟ್ಟು ಬಿಚ್ಚಿ ಮೂಸಿದ. ಏನೂ ಇರಲಿಲ್ಲ. ಅಷ್ಟರಲ್ಲಿ ನಾನು ಜಾಡಿಯ ಮುಚ್ಚಳ ತೆಗೆದು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ನಾನು ಸಂಕೋಚದವಳಲ್ಲ. ಆದರೂ ಅದನ್ನು ನುಂಗಲು ನನಗೆ ಸಾಹಸವೇ ಆಯಿತು.

"ಸೆಟ್ಟಿಂದಲ್ಲ ಕಣೇ. ಉಪ್ಪು. ಏನಿದು, ಸಮುದ್ರದ ನೀರಲ್ಲಿ ಬೇಯಿಸಿದ್ಯಾ?"

"ಯಾವಾಗ್ಲೂ ಹಾಕೋ ಅಷ್ಟೇ ಹಾಕಿದೀನಿ."

ಅವಳು ನನ್ನ ಮುಖ ನೋಡಿದಳು, ವೇಸಾನ ಮುಖ ನೋಡಿದಳು. ಆಮೇಲೆ ಕೋಟಿನ ಜೇಬಿನಿಂದ ಫೋನು ತೆಗೆದು ಮಗಳು ಮೆರ್ಯಾಗೆ ಹಚ್ಚಿದಳು. ಕಿವಿ ಮಂದವಾದ್ದರಿಂದ ಎಲ್ಲರಿಗೂ ಕೇಳುವಷ್ಟು ಜೋರಾಗಿ ಇಟ್ಟುಕೊಂಡೇ ಮಾತಾಡುವವಳು.

"ಮೆರ್ಯಾ, ನನ್ನ ಸೂಪು ಉಪ್ಪಾ?"

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ನಿನ್ನೇ ಕೇಳ್ತಿರೋದು."

"ಯಾರು ಹೇಳಿದ್ದಮ್ಮಾ?"

"ನನ್ನ ನಾಲಿಗೆ. ಯಾವಾಗಿಂದ ಹೀಗೆ?"

"ನಂಗೆ ನೆನಪಿರೋವಾಗಿಂದ," ಎಂದಳು ಮೆರ್ಯಾ. ಮೆತ್ತಗೆ ಹೇಳಿದಳು. "ಸ್ಕೂಲಲ್ಲಿ ಊಟ ಮಾಡಿದ್ಮೇಲೇ ನಂಗೆ ಗೊತ್ತಾಗಿದ್ದು, ಬಟಾಣಿ ಸೂಪು ಅಂದ್ರೆ ಹಂಗಿರಲ್ಲ ಅಂತ. ಮನೆಗೆ ಬಂದು ಊಟಕ್ಕೆ ಕೂತಾಗ ಹೇಳೋಕೆ ಬಾಯಿ ತೆಗೆದೆ, ಅಪ್ಪ ಮೇಜಿನ ಕೆಳಗೆ ಕಾಲು ತುಳಿದ."

"ಔಲಿಸ್?"

"ಆಮೇಲೆ ಸೌನಾದಲ್ಲಿ ಕೂರಿಸ್ಕೊಂಡು ಹೇಳಿದ. ನಿಮ್ಮಮ್ಮನ ಬಾಯಿಗೆ ಚಿಕ್ಕ ಹುಡುಗಿ ಇದ್ದಾಗ್ಲೇ ಮುಚ್ಚಳ ಹಾಕಿದಾರೆ, ಅವಳಿಗೆ ಗೊತ್ತಾಗಲ್ಲ, ಗೊತ್ತಾಗೋದೂ ಬೇಡ. ಮುಖ ಸಿಂಡರಿಸಿದವ್ರಿಗೆ ಸೂಪಾದ್ಮೇಲಿನ ಪ್ಯಾನ್‌ಕೇಕ್ ಇಲ್ಲ ಅಂತ."

ಸೈಮಿ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಳು.

"ಡಾಕ್ಟರು ಅವನಿಗೆ ಉಪ್ಪು ಬಿಡು ಅಂದಿದ್ರಲ್ಲ. ನಾನು ಅರ್ಧಕ್ಕರ್ಧ ಕಮ್ಮಿ ಮಾಡಿದ್ದೆ."

"ಹೌದು, ನೀನು ಮಾಡಿದ್ದೆ. ಆ ಅರ್ಧ ಅಂದ್ರೂ ಬೇರೆಯವ್ರ ಮನೆಗಿಂತ ಜಾಸ್ತೀನೇ ಅಮ್ಮಾ. ಅದೂ ಒಂದು ವಾರ ಅಷ್ಟೆ. ಮೊದಲಿನ ಹಾಗೇ ಮಾಡು ಅಂತ ಅಪ್ಪಾನೇ ಕೇಳಿದ್ನಲ್ಲ, ನೆನಪಿಲ್ವಾ?"

"ನೆನಪಿದೆ," ಎಂದಳು ಸೈಮಿ. "ಊಟದ ವಿಷಯ ಅವನು ಆಡಿದ್ದು ಅದೊಂದೇ ಮಾತು."

ಫೋನು ಜೇಬಿಗಿಟ್ಟಳು. ಜಾಡಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಆಮೇಲೆ ವೇಸಾನ ಕಡೆ ತಿರುಗಿದಳು. "ನಾನೇ ಸಾಯಿಸಿದ್ನಾ ಅವನನ್ನ?"

"ಸೈಮಿ, ಹೃದಯ ನಿಲ್ಲೋದಕ್ಕೆ ನೂರೆಂಟು ಕಾರಣ ಇರುತ್ತೆ. ವಯಸ್ಸು, ಚಳಿ, ಹಿಮ ಎತ್ತೋ ಶ್ರಮ."

"ನೂರೆಂಟರಲ್ಲಿ ಉಪ್ಪೂ ಒಂದಾ?"

"ಒಂದು," ಎಂದ ವೇಸಾ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೇ ನಾನು ಅವನ ಹತ್ತಿರ ಇಷ್ಟು ವರ್ಷ ಕೆಲಸ ಮಾಡಿಕೊಂಡಿರುವುದು.

"ಸರಿ ಹಾಗಾದ್ರೆ," ಎಂದಳು ಸೈಮಿ. ಸೆಟ್ಟು ಮತ್ತೆ ಹಾಕಿಸಿಕೊಂಡು, ಜಾಡಿ ಚೀಲಕ್ಕಿಟ್ಟುಕೊಂಡು, ಬಸ್ಸಿಗೆ ಹೋದಳು. ಬಾಗಿಲು ಮುಚ್ಚಿದ ಮೇಲೆ ನಾನು ಸಿಂಕಿನ ಹತ್ತಿರ ಹೋಗಿ ಲೋಟಗಟ್ಟಲೆ ನೀರು ಕುಡಿದೆ. ಆ ಮನುಷ್ಯನ ಮೇಲೆ ನನಗೆ ಕೋಪ ಬಂದಿತ್ತು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ನಮ್ಮ ಗಂಡಸರಿಗೆ ಮಾತು ಅಂದರೆ ಜೇಬಿನಿಂದ ಕೊಡಬೇಕಾದ ದುಡ್ಡು. ಆದರೆ ರಾತ್ರಿ ಮನೆಯಲ್ಲಿ ಒಬ್ಬಳೇ ಊಟ ಮಾಡುವಾಗ ಹೊಟ್ಟೆಕಿಚ್ಚೂ ಆಯಿತು. ನನ್ನ ಅಡುಗೆಯ ಮುಂದೆ ಯಾರೂ ಅಷ್ಟು ಕಾಲ ಬಾಯಿ ಮುಚ್ಚಿಕೊಂಡು ಕೂತಿರಲಿಲ್ಲ.

ಆಮೇಲೆ ಅವಳು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದಳು. ಸೆಟ್ಟಿನಲ್ಲಿ ಬಿರುಕಿಲ್ಲ, ಸವೆತವಿಲ್ಲ. ಅವಳಿಯೂ ತಾತನ ಬಾಯಲ್ಲಿ ಗಟ್ಟಿಯಾಗಿ ನಿಂತಿತ್ತು. ವೇಸಾ ಖುಷಿಯಲ್ಲಿ ಕುಣಿಯುವುದೊಂದು ಬಾಕಿ. ಅವನ ಲೇಖನದ ಚಿತ್ರಗಳಲ್ಲೆಲ್ಲ ಸೈಮಿಯ ಅಂಗುಳ ಇತ್ತು. ರುಚಿ ಹೇಗಿದೆ ಎಂದು ಕೇಳಿದರೆ ಅವಳು ಒಪ್ಪಿಸುತ್ತಿದ್ದಳು, ಮೀನು ಮೀನಿನ ಹಾಗಿದೆ, ರೈ ಬ್ರೆಡ್ಡು ಹುಳಿ ಇದೆ, ಸೇಬು ಸೇಬಿನ ಹಾಗಿದೆ. ಸೂಪಿಗೆ ಈಗ ಉಪ್ಪು ಅಳೆದು ಹಾಕುತ್ತೇನೆ, ಮೆರ್ಯಾ ಬಂದರೆ ಚೆನ್ನಾಗಿದೆ ಎಂದು ತಿಂದುಹೋಗುತ್ತಾಳೆ ಎನ್ನುತ್ತಿದ್ದಳು. ಅವಳ ದನಿಯಲ್ಲಿ ಏರಿಲ್ಲ, ಇಳಿವಿಲ್ಲ. ಅಳು ಬಂತಾ ಎಂದು ನಾನೊಮ್ಮೆ ನೇರವಾಗಿಯೇ ಕೇಳಿದೆ. ಇಲ್ಲ ಎಂದಳು.

ಜನವರಿಯಲ್ಲಿ ಒಂದು ದಿನ ತಪಾಸಣೆಯ ದಿನವಲ್ಲದ ದಿನ ಬಂದಳು. ಸೆಟ್ಟು ತೆಗೆದು, ತೊಳೆದು, ನನ್ನ ಮುಂದೆ ಇಟ್ಟಳು. ಮೇಲಿನ ಹಲ್ಲಿಲ್ಲದ ಬಾಯಲ್ಲೇ ಮಾತಾಡಿದಳು, ಶಾಲು ಅಡ್ಡ ಹಿಡಿಯಲಿಲ್ಲ.

"ಇದಕ್ಕೆ ಚಾವಣಿ ಹಾಕು."

"ಏನು?"

"ಮೊದಲಿನ ಹಾಗೆ. ದಪ್ಪಗೆ."

"ತಲೆ ಕೆಟ್ಟಿದ್ಯಾ ನಿಂಗೆ? ಇದೊಂದು ಮುರೀದೆ ನಿಲ್ಲೋದಕ್ಕೆ ನಾವು ಎಷ್ಟು ಒದ್ದಾಡಿದೀವಿ ಗೊತ್ತಾ? ಸುಡೋದು ಗೊತ್ತಾಗುತ್ತೆ, ಹುಳಿ ಗೊತ್ತಾಗುತ್ತೆ, ಇನ್ನೇನ್ ಬೇಕು ನಿಂಗೆ?"

ನನ್ನ ದನಿ ಕೇಳಿ ವೇಸಾ ಪಕ್ಕದ ಕೋಣೆಯಿಂದ ಬಂದು ನಿಂತ. ಸೈಮಿ ಅವನಿಗೂ ಸೇರಿಸಿಯೇ ಹೇಳಿದಳು. ನಾನು ಅವಳನ್ನು ಕಂಡಾಗಿನಿಂದ ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಪ್ಲಾಸ್ಟಿಕ್ಕಾ ನಾನಾ ಅಂತ ತಿಳ್ಕೋಬೇಕು ಅಂದಿದ್ನಲ್ಲ, ತಿಳೀತು. ಎಲ್ಲದರ ರುಚೀನೂ ಗೊತ್ತಾಗುತ್ತೆ. ಒಂದರಲ್ಲೂ ಅವನಿಲ್ಲ. ಮನೇಲಿ ಅವನ ಅಂಗಿ ಇದೆ, ಕ್ರೇನಿನವ್ರು ಕೊಟ್ಟ ಗಡಿಯಾರ ಇದೆ, ಅವು ಬರೀ ಅಂಗಿ, ಬರೀ ಗಡಿಯಾರ. ನಾವಿಬ್ರೂ ಒಟ್ಟಿಗೆ ಮಾಡಿದ್ದು ಅಂತ ಇದ್ದಿದ್ದು ಆ ಊಟ ಒಂದೇ. ನಾನು ಹಾಕ್ತಿದ್ದೆ, ಅವನು ತಿಂತಿದ್ದ. ಆ ಸೂಪು ಮಾಡೋಣ ಅಂತ ಗುರುವಾರ ಗುರುವಾರ ನಿಂತ್ಕೋತೀನಿ. ಕೈಗೆ ಗೊತ್ತು ಎಷ್ಟು ಅಂತ. ಅರ್ಧಕ್ಕೇ ನಾಲಿಗೆ ಸಾಕು ಅನ್ನುತ್ತೆ, ಕೈ ನಿಂತ್ಹೋಗುತ್ತೆ. ಕಣ್ಣು ಮುಚ್ಕೊಂಡು ಹಾಕಿದ್ರೆ ನುಂಗೋಕ್ಕಾಗಲ್ಲ, ಚೆಲ್ತೀನಿ. ಅವನು ತಿಂದ ಊಟಾನ ಚೆಲ್ತಿದೀನಿ."

"ಸೈಮಿ," ಎಂದ ವೇಸಾ, "ಬರೋ ಬೇಸಿಗೆ ತನಕ ಇರಬಹುದಾ? ಅಲ್ಲಿಗೆ ಅಧ್ಯಯನ ಮುಗಿಯುತ್ತೆ. ನಿನ್ನಷ್ಟು ಚೆನ್ನಾಗಿ ಇನ್ಯಾರ ಬಾಯಲ್ಲೂ ನಿಂತಿಲ್ಲ."

"ನಂಗೆ ಗೊತ್ತು. ನಿಂಗೆ ಬೇಜಾರಾಗುತ್ತೆ ಅಂತಾನೂ ಗೊತ್ತು."

"ನಿನ್ನ ಆರೋಗ್ಯ? ಅಷ್ಟು ಉಪ್ಪು ನಿಂಗೂ ಒಳ್ಳೇದಲ್ಲ."

"ವಾರಕ್ಕೊಂದು ಸಲ. ಗುರುವಾರ ಮಾತ್ರ. ಮಿಕ್ಕ ದಿನ ಬೇಕಾದ್ರೆ ನಿಂದೇ ಹಾಕ್ಕೋತೀನಿ, ಅಳೆದುಕೋ, ಫೋಟೋ ತಕ್ಕೋ."

ವೇಸಾ ನೆಲ ನೋಡುತ್ತಾ ನಿಂತ. ಒಂದು ಬಾಯಲ್ಲಿ ಎರಡು ಸೆಟ್ಟು ಅದಲುಬದಲಾದರೆ ಅಧ್ಯಯನಕ್ಕೆ ಆ ಬಾಯಿ ಲೆಕ್ಕಕ್ಕಿಲ್ಲ. ಅದು ಅವಳಿಗೆ ಗೊತ್ತಿಲ್ಲದಿರಬಹುದು, ನಮಗಿಬ್ಬರಿಗೂ ಗೊತ್ತಿತ್ತು. ಅವನ ಲೇಖನದ ಮುಖ್ಯ ಚಿತ್ರಗಳು ಅಲ್ಲಿಗೆ ಕಸದ ಬುಟ್ಟಿಗೆ. "ಬೇಡವೆನಿಸಿದ ದಿನ ಕಾರಣ ಹೇಳದೆ ಬಿಡಬಹುದು ಅಂತ ನಾನೇ ಹೇಳಿದ್ದೆ," ಎಂದ. "ನೀನು ಕಾರಣಾನೂ ಹೇಳಿದೀಯ." ನನ್ನ ಕಡೆ ತಿರುಗಿ, "ಮಾಡಿಕೊಡು ಇರ್ಯಾ," ಎಂದು ಹೊರಟುಹೋದ. ಆ ದಿನ ಅವನು ಮತ್ತೆ ಕೋಣೆಯಿಂದ ಹೊರಗೆ ಬರಲಿಲ್ಲ.

ನಾನು ಮಾಡಿದೆ. ಬೈದುಕೊಂಡೇ ಮಾಡಿದೆ. ಅದೇ ತಿರುಪುಗಳಿಗೆ ಕೂರುವ ಹಾಗೆ, ಅಂಗುಳವನ್ನು ಪೂರ್ತಿ ಮುಚ್ಚುವ, ಹಳೇ ಕಾಲದ ದಪ್ಪ ಚಾವಣಿ. ಅಷ್ಟು ದಪ್ಪಕ್ಕೆ ಗಾಜಿನ ನಾರು ಬೇಕಿರಲಿಲ್ಲ, ಆದರೂ ಹಾಕಿದೆ. ಈ ಸಲ ಹಿಗ್ಗುವ ಕಡೆಗೇ ಹಾಕಿದೆ. ಇದಕ್ಕೆ ಅವಳಿ ಮಾಡಲಿಲ್ಲ. ತಾತನಿಗೆ ಇದರಲ್ಲಿ ಕೆಲಸವಿಲ್ಲ.

ಸೆಟ್ಟು ಮುಗಿದಾಗ ಅವಳಿಗೆ ಫೋನು ಮಾಡಿದೆ. ಗುರುವಾರ ನೀನೇ ತಗೊಂಡು ಬಾ ಎಂದಳು. "ಒಬ್ಬಳೇ ಆದ್ರೆ ನಂಗೆ ಗೊತ್ತಾಗಲ್ಲ," ಎಂದಳು.

ಅವಳ ಮನೆ ಹಡಗುಕಟ್ಟೆಯ ಕೆಲಸಗಾರರಿಗೆ ಕಟ್ಟಿದ ಸಾಲುಮನೆಗಳಲ್ಲಿ ಕೊನೆಯದು. ಒಲೆಯ ಮೇಲೆ ಬಟಾಣಿ ಆಗಲೇ ಬೆಂದು ಕರಗಿತ್ತು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ತುಂಡುಗಳು ತೇಲುತ್ತಿದ್ದವು. ಉಪ್ಪು ಇನ್ನೂ ಹಾಕಿರಲಿಲ್ಲ. ಸೈಮಿ ಕನ್ನಡಿಯಿಲ್ಲದೆಯೇ ಸೆಟ್ಟು ಬಾಯಿಗೆ ಕೂರಿಸಿಕೊಂಡಳು. ಟಕ್ ಎಂದಿತು. ನಾಲಿಗೆಯಿಂದ ಮೇಲೆ ಒತ್ತಿ ನೋಡಿಕೊಂಡಳು.

"ಆಯ್ತಾ?" ಎಂದೆ.

"ಏನೂ ಇಲ್ಲ," ಎಂದಳು. ಅವಳ ಹೆಗಲು 'ಉಸ್ಸಪ್ಪಾ' ಎಂದು ಇಳಿದದ್ದು ನನಗೆ ಕಂಡಿತು.

ಉಪ್ಪಿನ ಡಬ್ಬಕ್ಕೆ ಕೈ ಹಾಕಿದಳು. ಒಂದು ಹಿಡಿ, ಇನ್ನೊಂದು ಹಿಡಿ, ಬೆರಳ ತುದಿಯಿಂದ ಮತ್ತಷ್ಟು. ನೋಡುತ್ತಿದ್ದ ನನಗೇ ಬಾಯಿ ಒಣಗಿತು. ಅವಳ ಕೈ ಎಲ್ಲೂ ತಡೆಯಲಿಲ್ಲ. ಕಲಕಿ, ರುಚಿ ನೋಡಿ, ಚಿಟಿಕೆ ಸೇರಿಸಿ, ಎರಡು ತಟ್ಟೆಗೆ ಬಡಿಸಿದಳು. ಎದುರುಬದುರು ಕೂತೆವು. ಅವಳು ಚಮಚ ಎತ್ತದೆ ನನ್ನನ್ನೇ ನೋಡುತ್ತಿದ್ದಳು.

ನಾನು ಒಂದು ಚಮಚ ಬಾಯಿಗಿಟ್ಟೆ.

"ಹೇಗಿದೆ?"

ಗಂಡ ಹೇಳದ, ಮಗಳು ಹೇಳದ ಮಾತು. ಮರ್ಯಾದೆಗಾದರೂ ಚೆನ್ನಾಗಿದೆ ಎನ್ನಬೇಕೇನೋ. ನನಗೆ ಬರುವುದಿಲ್ಲ.

"ಬಾಯಿಗಿಡೋಕ್ಕಾಗಲ್ಲ ಸೈಮಿ. ವಿಷದ ಥರ ಇದೆ."

"ನಿಜವಾಗ್ಲೂ?"

"ನಿಜವಾಗ್ಲೂ."

"ಹಾಗಾದ್ರೆ ಸರಿಯಾಗಿದೆ," ಎಂದಳು.

ತನ್ನ ತಟ್ಟೆ ಎಳೆದುಕೊಂಡು ತಿನ್ನತೊಡಗಿದಳು. ನಾಲ್ಕನೆಯದೋ ಐದನೆಯದೋ ತುತ್ತಿಗೆ ಅವಳಿಗೆ ಅಳು ಬಂತು. ಕಣ್ಣೀರು ಕೆನ್ನೆಯ ಮೇಲೆ ಹರಿದು ಗಲ್ಲದಿಂದ ತಟ್ಟೆಗೆ ತೊಟ್ಟಿಕ್ಕಿತು, ಅವಳು ಒರೆಸಿಕೊಳ್ಳಲೂ ಇಲ್ಲ, ತಿನ್ನುವುದನ್ನು ನಿಲ್ಲಿಸಲೂ ಇಲ್ಲ. ಜೋರಾಗಿ, ಮಕ್ಕಳ ಹಾಗೆ, ಬಾಯಿ ತುಂಬ ಸೂಪು ಇಟ್ಟುಕೊಂಡು ಅತ್ತಳು. ನಾನು ಎದ್ದು ನಲ್ಲಿ ತಿರುಗಿಸಿ ಇಬ್ಬರಿಗೂ ನೀರು ತಂದಿಟ್ಟೆ.